ಬಾಣಂತಿಯ ನಂಜು: ಗುರುತಿಸುವ ಬಗೆ, ಚಿಕಿತ್ಸೆಯ ಆಧಾರ

ಹೆರಿಗೆ ಸುಸೂತ್ರವಾಗಿ ಆಯಿತೆಂದರೆ ಗಂಡಾಂತರ ಕಳೆಯಿತೆಂದು ಮನೆಯವರು ನೆಮ್ಮದಿ ತಾಳುವುದು ಸಹಜ. ಆದರೆ ಹೆರಿಗೆಯ ನಂತರ 42 ದಿನಗಳವರೆಗೂ ಬಾಣಂತಿಯ ಮೇಲೆ ನಿಗಾ ಇಡಬೇಕು. ‘ಶೀತವಾಗಿದೆ’, ‘ಸನ್ನಿ ಹಿಡಿದಿದೆ’ ಎಂದು ಕಾಲ ಕಳೆದರೆ ಪ್ರಾಣಕ್ಕೇ ಅಪಾಯ ಒದಗಬಹುದು.

ನಂಜು ಎಂದರೇನು?

ಹೆರಿಗೆಯಾದೊಡನೆ ಗರ್ಭಕೋಶದ ಒಳಭಾಗವು ಹಸಿಗಾಯದಂತಿರುತ್ತದೆ. ರೋಗಾಣುಗಳು ಅಲ್ಲಿ ಸೇರಿ ವೃದ್ಧಿಹೊಂದಬಲ್ಲವು. ಅವುಗಳೊಡನೆ ಹೋರಾಡುವ ದೇಹದ ಪ್ರತಿಕ್ರಿಯೆಯೇ ಮಿತಿಮೀರಿ ಮೂತ್ರಪಿಂಡ, ಶ್ವಾಸಕೋಶ ಮೊದಲಾದ ಅಂಗಗಳಿಗೆ ಹಾನಿಮಾಡಿದಾಗ ಅದು ನಂಜೆನಿಸುತ್ತದೆ. ರಕ್ತದೊತ್ತಡ ಕುಸಿದು ಅಂಗಗಳಿಗೆ ಸಾಕಷ್ಟು ರಕ್ತ ಒದಗದಿರುವ ಸ್ಥಿತಿಗೆ ‘ಷಾಕ್’ ಎನ್ನುತ್ತಾರೆ.

ಲಕ್ಷಣಗಳು

1. ಚಳಿಜ್ವರ, ಅಥವಾ ಮೈ ತಣ್ಣಗಾಗುವುದು.
2. ಕಿಬ್ಬೊಟ್ಟೆಯಲ್ಲಿ ನೋವು, ದುರ್ವಾಸನೆಯ ಸ್ರಾವ.
3. ಉಸಿರಾಟ ಮತ್ತು ನಾಡಿಯ ವೇಗ ಹೆಚ್ಚುವುದು.
4. ಮೂತ್ರ ಕಡಿಮೆಯಾಗುವುದು, ಮಂಪರು, ಅಸಂಬದ್ಧ ಮಾತು.

ಒಂದೇ ಲಕ್ಷಣದಿಂದಾಗಲಿ ಒಂದೇ ರಕ್ತಪರೀಕ್ಷೆಯಿಂದಾಗಲಿ ನಂಜನ್ನು ನಿಶ್ಚಯಿಸಲಾಗದು. ವೈದ್ಯರು ನಾಡಿ, ಉಸಿರು, ರಕ್ತದೊತ್ತಡ, ಮೂತ್ರ, ರಕ್ತ ಎಲ್ಲವನ್ನೂ ಕೂಡಿಸಿ ನೋಡಿ ತೀರ್ಮಾನಿಸುತ್ತಾರೆ. ಆದುದರಿಂದ ಮನೆಯಲ್ಲಿ ಖಚಿತವಾಗಲೆಂದು ಕಾಯಬೇಡಿರಿ. ಸಂಶಯ ಬಂದರೆ ಸಾಕು, ಹೊರಡಿರಿ.

ಔಷಧದ ಗುಣವನ್ನು ತಿಳಿಯುವುದು ಹೇಗೆ?

‘ನೆರೆಮನೆಯಾಕೆಗೆ ಈ ಮಾತ್ರೆಯಿಂದ ಗುಣವಾಯಿತು’ ಎಂಬುದು ಸಾಕಾದ ಆಧಾರವಲ್ಲ. ಆಕೆ ಮಾತ್ರೆಯಿಲ್ಲದೆಯೂ ಚೇತರಿಸಿಕೊಳ್ಳಬಹುದಿತ್ತು. ಹೊಲವನ್ನು ಎರಡು ಪಾಲು ಮಾಡಿ, ಒಂದಕ್ಕೆ ಮಾತ್ರ ಗೊಬ್ಬರ ಹಾಕಿ, ಎರಡರ ಇಳುವರಿಯನ್ನೂ ಅಳೆದಾಗಲೇ ಗೊಬ್ಬರದ ಗುಣ ತಿಳಿಯುವುದು. ಔಷಧದ ವಿಷಯವೂ ಹೀಗೆಯೇ.

2019ರಿಂದ 2021ರವರೆಗೆ ಏಳು ದೇಶಗಳಲ್ಲಿ ಇಂತಹ ಪರೀಕ್ಷೆಯೊಂದು ನಡೆಯಿತು. ನಮ್ಮ ಬೆಳಗಾವಿಯೂ ಅದರಲ್ಲಿ ಸೇರಿತ್ತು. ಸಹಜ ಹೆರಿಗೆಗೆ ಸಿದ್ಧರಾದ ಸುಮಾರು 29,000 ಗರ್ಭಿಣಿಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಅಜಿತ್ರೋಮೈಸಿನ್ 2 ಗ್ರಾಂ ಒಂದೇ ಸಲ ನುಂಗಲು ಕೊಟ್ಟರು; ಇನ್ನೊಂದಕ್ಕೆ ಔಷಧವಿಲ್ಲದ ಹುಸಿಮಾತ್ರೆ. ಹುಸಿಮಾತ್ರೆಯ ಗುಂಪಿನಲ್ಲಿ ಸಾವಿರಕ್ಕೆ 24 ತಾಯಂದಿರಿಗೆ ನಂಜು ಅಥವಾ ಮರಣ ಸಂಭವಿಸಿತು. ಔಷಧದ ಗುಂಪಿನಲ್ಲಿ ಸಾವಿರಕ್ಕೆ 16. ಫಲಿತಾಂಶವು 2023ರಲ್ಲಿ ಪ್ರಕಟವಾಯಿತು.

ಇದರ ಮಿತಿಯನ್ನೂ ಅರಿಯಿರಿ. ಲಾಭವು ಮುಖ್ಯವಾಗಿ ನಂಜು ತಗ್ಗಿದುದರಲ್ಲಿ ಕಂಡಿತು; ಎರಡೂ ಗುಂಪುಗಳಲ್ಲಿ ತಾಯಂದಿರ ಮರಣ ತೀರ ವಿರಳವಾಗಿತ್ತು. ಶಿಶುಗಳ ಮರಣವೂ ನಂಜೂ ಕಡಿಮೆಯಾಗಲಿಲ್ಲ. ಇದು ನಂಜನ್ನು ತಡೆಯುವ ಕ್ರಮ. ನಂಜಾದ ಮೇಲಿನ ಚಿಕಿತ್ಸೆ ಬೇರೆ. ಅಂಗಡಿಯಿಂದ ಮಾತ್ರೆ ತಂದು ನೀವೇ ನುಂಗಿಸಬೇಡಿರಿ. ಅನಾವಶ್ಯಕ ಬಳಕೆಯಿಂದ ರೋಗಾಣುಗಳು ಔಷಧಕ್ಕೆ ಬಗ್ಗದಂತಾಗುತ್ತವೆ.

ಪತಿಯ ಕರ್ತವ್ಯ

ಮೇಲಿನ ಲಕ್ಷಣಗಳು ಕಂಡೊಡನೆ 108ಕ್ಕೆ ಕರೆಮಾಡಿ, ಆಶಾ ಕಾರ್ಯಕರ್ತೆಗೂ ತಿಳಿಸಿರಿ. ತಾಯಿ ಕಾರ್ಡನ್ನು ಜೊತೆಗೆ ಒಯ್ಯಿರಿ. ಹಿರಿಯರು ‘ನಾಳೆ ನೋಡೋಣ’ ಎಂದರೆ ವಿನಯದಿಂದಲೇ, ಆದರೆ ದೃಢವಾಗಿ ಹೊರಡಿರಿ. ಷಾಕ್ ಉಂಟಾದಾಗ ಒಂದೊಂದು ಗಂಟೆಯೂ ಅಮೂಲ್ಯ.