ಸೋಗೆ ಕಡಿಯುವ ಮುನ್ನ ಎಲೆ ಓದಿ

ಎಲೆಚುಕ್ಕಿ ರೋಗದ ಭಯದಿಂದ ಚುಕ್ಕಿ ಕಂಡ ಸೋಗೆಯನ್ನೆಲ್ಲ ಕಡಿದು ಹಾಕುವುದು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಅಡಿಕೆ ಕೃಷಿಕರಿಗೆ ಲಾಭ ತರುವ ಕೆಲಸವಲ್ಲ. ಎಲೆಯ ಯಾವ ಭಾಗ ಯಾವ ಕೆಲಸ ಮಾಡುತ್ತದೆಂದು ತಿಳಿದರೆ ಎಷ್ಟು ಕಡಿಯಬೇಕು, ಎಷ್ಟು ಬಿಡಬೇಕು ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ. ಹಾಳೆಯಿಂದ ಗರಿಯ ತುದಿಯವರೆಗೆ ಇಡೀ ಸೋಗೆ ಒಂದೇ ಎಲೆ ಎಂಬುದನ್ನು ಮೊದಲು ನೆನಪಿಡಿ.

ನೋಡುವುದನ್ನು ಬುಡದಿಂದ ಆರಂಭಿಸಿ. ಕಾಂಡವನ್ನು ಸುತ್ತಿಕೊಂಡ ಹಾಳೆಯೇ ಎಲೆಯ ಬುಡ. ಅದರ ಕಂಕುಳಲ್ಲಿ ಹಿಂಗಾರ ಬೆಳೆಯುತ್ತದೆ. ಹಾಳೆ ಒಣಗಿ ತಾನಾಗಿ ಬಿದ್ದ ಮೇಲೆ ಹಿಂಗಾರ ಹೊರಬರುತ್ತದೆ. ಹಸಿರು ಹಾಳೆಯನ್ನು ಎಳೆದು ಕಿತ್ತರೆ ಎಳೆಯ ಹಿಂಗಾರದ ರಕ್ಷಣೆಯೇ ಹೋಗುತ್ತದೆ. ಆಮೇಲೆ ನಡುದಿಂಡನ್ನು ಗಮನಿಸಿ: ಬೇರಿನ ನೀರು, ಲವಣಗಳು ಇದರ ಮೂಲಕ ಗರಿಗೆ ಏರುತ್ತವೆ, ಗರಿ ತಯಾರಿಸಿದ ಸಕ್ಕರೆ ಇದರಲ್ಲೇ ಇಳಿದು ಗೊನೆಗೆ ಸೇರುತ್ತದೆ. ಕೊನೆಗೆ ಒಂದು ಗರಿಯನ್ನು ಬೆಳಕಿಗೆ ಹಿಡಿಯಿರಿ. ನರಗಳು ಉದ್ದಕ್ಕೂ ಸಾಲಾಗಿ ಓಡುತ್ತವೆ. ಅದೇ ಮರಕ್ಕೆ ಹಬ್ಬಿದ ಕಾಳುಮೆಣಸಿನ ಎಲೆಯಲ್ಲಾದರೆ ಬಲೆಯಂತೆ ಹೆಣೆದಿರುತ್ತವೆ. ಹಸಿರಿಗೆ ಕಾರಣವಾದ ಪತ್ರಹರಿತ್ತು ಬಿಸಿಲನ್ನು ಹೀರಿ ಆಹಾರ ಮಾಡುತ್ತದೆ. ಗಾಳಿ ಒಳಹೋಗುವ, ನೀರಾವಿ ಹೊರಬರುವ ಪತ್ರರಂಧ್ರಗಳು ಹೆಚ್ಚಾಗಿ ಎಲೆಯ ಕೆಳಮೈಯಲ್ಲಿರುತ್ತವೆ. ರೋಗ ತಗುಲಿದ ಗರಿಯಲ್ಲಿ ಹಳದಿ ಅಂಚಿನ ಕಂದು ಚುಕ್ಕಿಗಳು ಒಂದಕ್ಕೊಂದು ಕೂಡಿ, ಅಷ್ಟು ಜಾಗದ ಪತ್ರಹರಿತ್ತು ನಾಶವಾಗುತ್ತದೆ. ಉಳಿದ ಹಸಿರು ದುಡಿಯುತ್ತಲೇ ಇರುತ್ತದೆ.

‘ರೋಗದ ಎಲೆ ಬಿಟ್ಟರೆ ಪಕ್ಕದ ಮರಕ್ಕೂ ಹಬ್ಬುವುದಿಲ್ಲವೇ?’ ಎಂಬ ಆಕ್ಷೇಪದಲ್ಲಿ ಹುರುಳಿದೆ. ಶಿಲೀಂಧ್ರದ ಬೀಜಾಣುಗಳು ಮಳೆಹನಿಯ ಸಿಡಿತದೊಂದಿಗೆ ಹಬ್ಬುವುದರಿಂದ, ತೀವ್ರವಾಗಿ ರೋಗ ತಗುಲಿ ಬಹುಪಾಲು ಒಣಗಿದ ಕೆಳಗಿನ ಸೋಗೆಗಳನ್ನು ತೆಗೆದು ಸುಡಲೇಬೇಕು. ಆದರೆ ಫಲ ಕೊಡುವ ಮರದ ತಲೆಯಲ್ಲಿ ಸಾಮಾನ್ಯವಾಗಿ 8ರಿಂದ 12 ಸೋಗೆ, ವರ್ಷಕ್ಕೆ ಹೊಸತಾಗಿ ಬರುವುದು ಸುಮಾರು ಅರ್ಧ ಡಜನ್. ಒಂಬತ್ತರಲ್ಲಿ ಮೂರು ಹಸಿರು ಸೋಗೆ ಕಡಿದರೆ ಅಡುಗೆಮನೆಯ ಮೂರನೇ ಒಂದು ಭಾಗ ಮುಚ್ಚಿದಂತೆ. ಅದು ತುಂಬಿಕೊಳ್ಳಲು ಅರ್ಧ ವರ್ಷ ಬೇಕು. ಕಡಿಯಲೇಬೇಕಾದಾಗ ರೋಗದ ಗರಿಭಾಗವನ್ನಷ್ಟೇ ಕತ್ತರಿಸಿ, ಹಸಿರು ಹಾಳೆಯನ್ನು ಉಳಿಸಿ.

‘ಮದ್ದು ಬಿಟ್ಟರೂ ಗುಣ ಕಾಣುವುದಿಲ್ಲ’ ಎನ್ನುವವರು ಮದ್ದು ಎಲ್ಲಿಗೆ ತಲುಪಿತೆಂದು ನೋಡಲಿ. ಗೊನೆಗೆ ಬಿಟ್ಟ ಮದ್ದು ಕೊಳೆರೋಗವನ್ನು ತಡೆದೀತು, ಗರಿಯನ್ನು ಕಾಯದು. ಶೇ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು ಸಾಕು. ಅದು ಗರಿಯ ಎರಡೂ ಮೈಗೆ ತಾಗಬೇಕು. ಹಳದಿಯಾದ ಎಲೆಗಳೆಲ್ಲ ಚುಕ್ಕಿರೋಗದವಲ್ಲ, ಪೋಷಕಾಂಶದ ಕೊರತೆಯೂ ಇರಬಹುದು. ಅನುಮಾನವಿದ್ದರೆ ಬಂಟ್ವಾಳ ತಾಲ್ಲೂಕಿನಲ್ಲೇ, ವಿಟ್ಲದಲ್ಲಿ 1956ರಲ್ಲಿ ಆರಂಭವಾಗಿ ಈಗ ಸಿಪಿಸಿಆರ್‌ಐಗೆ ಸೇರಿರುವ ಅಡಿಕೆ ಸಂಶೋಧನಾ ಕೇಂದ್ರವಿದೆ. ಒಂದೆರಡು ಗರಿ ಒಯ್ದು ತೋರಿಸಿ, ಆಮೇಲೆ ಕತ್ತಿ ಎತ್ತಿ.