ದಪ್ಪ ಕೂದಲಿನ ಆರೈಕೆ: ತಾಯಂದಿರು ತಿಳಿದಿರಬೇಕಾದ ವಿಷಯಗಳು

ದಪ್ಪನೆಯ, ಉದ್ದನೆಯ ಕೂದಲು ನಮ್ಮ ಹೆಣ್ಣುಮಕ್ಕಳಿಗೆ ಸೊಬಗು. ಆದರೆ ಅದು ಬೇಗ ಒಣಗುವುದಿಲ್ಲ, ಸಿಕ್ಕಾಗುತ್ತದೆ, ಬೋರ್‌ವೆಲ್ ನೀರಿಗೆ ನಾರಿನಂತೆ ಬಿರುಸಾಗುತ್ತದೆ. ಇದರ ಆರೈಕೆಗೆ ಹೆಚ್ಚು ಹಣ ಬೇಕಿಲ್ಲ, ಸರಿಯಾದ ತಿಳಿವಳಿಕೆ ಸಾಕು.

ಕೂದಲು ಎಂದರೇನು?
ಹೊರಗೆ ಕಾಣುವ ಕೂದಲಿಗೆ ಜೀವವಿಲ್ಲ. ಅದು ಕೆರಾಟಿನ್ ಎಂಬ ಪ್ರೋಟೀನಿನ ಎಳೆ. ಜೀವವಿರುವುದು ಚರ್ಮದೊಳಗಿನ ಬುಡದಲ್ಲಿ ಮಾತ್ರ. ಎಳೆಯ ಮೇಲೆ ಹೆಂಚು ಹೊದಿಸಿದಂತೆ ತೆಳು ಪದರಗಳಿರುತ್ತವೆ. ಇವು ಎದ್ದರೆ ಕೂದಲು ಒರಟಾಗುತ್ತದೆ. ಆದ್ದರಿಂದ ಎಳೆಗೆ ಬೇಕಾದದ್ದು ಹೊರಗಿನ ರಕ್ಷಣೆ. ಬುಡಕ್ಕೆ ಬೇಕಾದದ್ದು ಊಟದ ಪೋಷಣೆ.

ತೊಳೆಯುವ ಕ್ರಮ
1. ವಾರಕ್ಕೆ ಒಂದೆರಡು ಸಲ ತೊಳೆದರೆ ಸಾಕು. ಒಂದು ಗಂಟೆ ಮೊದಲು ಎಳೆಗಳಿಗೆ ಕೊಬ್ಬರಿ ಎಣ್ಣೆ ಹಚ್ಚಿ. ಅದು ಎಳೆಯೊಳಗೆ ಇಳಿದು ಪ್ರೋಟೀನ್ ಸೋರುವುದನ್ನು ತಗ್ಗಿಸುತ್ತದೆ.
2. ಗಡಸು ನೀರಿನಲ್ಲಿ ಸಾಬೂನು ಬಳಸಿದರೆ ಕೂದಲಿಗೆ ಜಿಗುಟು ಅಂಟಿಕೊಳ್ಳುತ್ತದೆ. ಶಾಂಪೂ ಅಥವಾ ನುಣ್ಣಗೆ ಜರಡಿ ಹಿಡಿದ ಸೀಗೆಪುಡಿ ಬಳಸಿ. ಪುಡಿ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ.
3. ಒದ್ದೆ ಕೂದಲನ್ನು ಟವೆಲಿನಿಂದ ಬಡಿಯಬೇಡಿ, ಒತ್ತಿ ನೀರು ಹೀರಿಸಿ.
4. ಅಗಲ ಹಲ್ಲಿನ ಬಾಚಣಿಗೆಯಿಂದ ಮೊದಲು ತುದಿಯ ಸಿಕ್ಕು ಬಿಡಿಸಿ, ನಂತರ ಮೇಲಕ್ಕೆ ಬನ್ನಿ.

ಬಿಗಿ ಜಡೆ ಬೇಡ
ಶಾಲೆಗೆ ಹೋಗುವ ಮಗಳಿಗೆ ದಿನವೂ ಬಿಗಿಯಾಗಿ ಎಳೆದು ಜಡೆ ಹಾಕಿದರೆ ಹಣೆ ಮತ್ತು ಕಿವಿಯ ಪಕ್ಕದ ಕೂದಲು ಉದುರುತ್ತದೆ. ಬೇಗ ಸಡಿಲಿಸಿದರೆ ಮತ್ತೆ ಬರುತ್ತದೆ. ವರ್ಷಗಟ್ಟಲೆ ಎಳೆದರೆ ಆ ಜಾಗ ಶಾಶ್ವತವಾಗಿ ಬೋಳಾಗಬಹುದು. ಮಗು "ತಲೆ ನೋಯುತ್ತದೆ" ಎಂದರೆ ಜಡೆ ಬಿಗಿಯಾಗಿದೆ ಎಂದೇ ತಿಳಿಯಿರಿ.

ಹೊಟ್ಟು ಮತ್ತು ಹೇನು
ಹೊಟ್ಟಿಗೆ ಎಣ್ಣೆ ಮದ್ದಲ್ಲ. ಅದಕ್ಕೆ ಕಾರಣವಾದ ಶಿಲೀಂಧ್ರ ಜಿಡ್ಡಿನಲ್ಲಿಯೇ ಬೆಳೆಯುತ್ತದೆ. ವೈದ್ಯರು ಹೇಳಿದ ಶಾಂಪೂ ಬಳಸಿ.

ಹೇನಿಗೆ ಸೀಮೆಎಣ್ಣೆ ಅಥವಾ ಹೊಲಕ್ಕೆ ಸಿಂಪಡಿಸುವ ಔಷಧಿಯನ್ನು ಎಂದಿಗೂ ಹಚ್ಚಬೇಡಿ. ಸೀಮೆಎಣ್ಣೆಗೆ ಬೆಂಕಿ ತಗುಲಬಹುದು. ಕೀಟನಾಶಕ ಚರ್ಮದ ಮೂಲಕ ಮೈಗಿಳಿದು ಮಗುವಿನ ಜೀವಕ್ಕೇ ಅಪಾಯ ತರಬಹುದು. ವೈದ್ಯರನ್ನು ಕೇಳಿ 1% ಪರ್ಮೆಥ್ರಿನ್ ಲೋಷನ್ ಹಚ್ಚಿ, 10 ನಿಮಿಷದ ನಂತರ ತೊಳೆದು, ಸೀರಣಿಗೆಯಿಂದ ಬಾಚಿ. ಸೀರು ಒಡೆದು ಮರಿ ಬರುವುದರಿಂದ 7ರಿಂದ 10 ದಿನಕ್ಕೆ ಮತ್ತೊಮ್ಮೆ ಹಚ್ಚಬೇಕು. ಮನೆಯವರೆಲ್ಲರ ತಲೆಯನ್ನೂ ಪರೀಕ್ಷಿಸಿ.

ಕೂದಲು ಉದುರುತ್ತಿದೆಯೇ?
ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಹೆರಿಗೆ ಅಥವಾ ದೊಡ್ಡ ಜ್ವರದ ಎರಡು ಮೂರು ತಿಂಗಳ ನಂತರ ಹೆಚ್ಚು ಉದುರಿದರೂ ಸಾಮಾನ್ಯವಾಗಿ ತಾನಾಗಿಯೇ ಮರಳುತ್ತದೆ. ಆದರೆ ಜೊತೆಗೆ ಸುಸ್ತು, ಏದುಸಿರು, ಮುಟ್ಟಿನಲ್ಲಿ ಅತಿ ರಕ್ತಸ್ರಾವ, ತೂಕದಲ್ಲಿ ಏರುಪೇರು ಇದ್ದರೆ ಎಣ್ಣೆ ಬದಲಿಸುತ್ತಾ ಕೂರಬೇಡಿ. ರಕ್ತಹೀನತೆ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಸೊಪ್ಪು, ಹುರುಳಿ, ಹೆಸರುಕಾಳು ತಿನ್ನಿ. ಮೇಲೆ ನಿಂಬೆರಸ ಹಿಂಡಿಕೊಳ್ಳಿ. ಊಟದ ಜೊತೆ ಚಹಾ ಬೇಡ, ಅದು ಕಬ್ಬಿಣಾಂಶ ಮೈಗೆ ಸೇರದಂತೆ ತಡೆಯುತ್ತದೆ.

ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು 1 ಸೆಂ.ಮೀ. ಮಾತ್ರ. ಒಂದೇ ವಾರದಲ್ಲಿ ಬೆಳೆಸುತ್ತೇವೆಂಬ ಜಾಹೀರಾತಿಗೆ ಮರುಳಾಗದಿರಿ. ನಾಣ್ಯದಷ್ಟು ಜಾಗ ಬೋಳಾದರೆ, ಕೀವು ಬಂದರೆ ಸಂಕೋಚಪಡದೆ ವೈದ್ಯರಿಗೆ ತೋರಿಸಿ.