ಡಿಸ್ಕುಗಳ ಕೂಟವೂ ಕಡತ ವ್ಯವಸ್ಥೆಯ ಹೊಂದಾಣಿಕೆಯೂ

ಗಣಕಯಂತ್ರದಲ್ಲಿ ನಾವು ಕೂಡಿಡುವ ಬರಹ, ಚಿತ್ರ, ಧ್ವನಿಮುದ್ರಣಗಳೆಲ್ಲ ಕೊನೆಗೆ ನೆಲೆಗೊಳ್ಳುವುದು ಡಿಸ್ಕಿನ ಮೇಲೆ. ಆ ಡಿಸ್ಕು ಕೆಟ್ಟಿತೆಂದರೆ ಹಲವು ವರ್ಷಗಳ ಸಂಗ್ರಹವು ಒಂದು ಗಳಿಗೆಯಲ್ಲಿ ಇಲ್ಲವಾಗುವುದು. ಹಲವು ಡಿಸ್ಕುಗಳನ್ನು ಒಂದು ಕೂಟವಾಗಿ ಕಟ್ಟಿ, ಒಂದು ಕೆಟ್ಟರೂ ಉಳಿದವುಗಳಿಂದ ಅದರ ಮಾಹಿತಿಯನ್ನು ಮರಳಿ ಪಡೆಯುವ ಏರ್ಪಾಡಿಗೆ 1988ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಡೇವಿಡ್ ಪ್ಯಾಟರ್‌ಸನ್, ಗಾರ್ತ್ ಗಿಬ್ಸನ್, ರ್‍ಯಾಂಡಿ ಕಾಟ್ಸ್ ಎಂಬ ಮೂವರು ತಮ್ಮ ಪ್ರಬಂಧವೊಂದರಲ್ಲಿ 'ರೇಯ್ಡ್' ಎಂಬ ಹೆಸರನ್ನಿತ್ತರು. ಇಂದು ಇದಕ್ಕೆ ಪ್ರತ್ಯೇಕ ಯಂತ್ರಭಾಗವೂ ಬೇಕಿಲ್ಲ. ಲಿನಕ್ಸಿನಲ್ಲಿ 'ಎಂ.ಡಿ.' ಎಂಬ ತಂತ್ರಾಂಶವೇ ಆ ಕೆಲಸವನ್ನು ನಿರ್ವಹಿಸುತ್ತದೆ.

ಕೂಟವನ್ನು ಕಟ್ಟುವುದು ಕಷ್ಟವಲ್ಲ. ಆದರೆ ಅದರ ಮೇಲೆ ನಿಲ್ಲುವ ಕಡತ ವ್ಯವಸ್ಥೆಗೆ ತನ್ನ ತಳಪಾಯದ ಅಳತೆಗಳು ತಿಳಿಯದೆ ಹೋದರೆ ಒಳ್ಳೆಯ ಡಿಸ್ಕುಗಳೂ ಕುಂಟುತ್ತವೆ. ಈ ಅಳತೆಗಳನ್ನು ನಾಲ್ಕು ಡಿಸ್ಕುಗಳ ರೇಯ್ಡ್-5 ಕೂಟವೊಂದನ್ನು ಮುಂದಿಟ್ಟುಕೊಂಡು ವಿಚಾರಿಸೋಣ. ಅದರ ಮೇಲಿನ ಕಡತ ವ್ಯವಸ್ಥೆಯು ಇ.ಎಕ್ಸ್.ಟಿ.-4 ಆಗಿರಲಿ. ಇಲ್ಲಿ ಕಿಲೋ ಎಂದರೆ 1024 ಎಂದೇ ಗ್ರಹಿಸತಕ್ಕದ್ದು.

ಮೊದಲು ಕೂಟದ ಮರ್ಮವನ್ನು ನೋಡುವ. ಮೂರು ಡಿಸ್ಕುಗಳಲ್ಲಿ ಒಂದೇ ಸಾಲಿನಲ್ಲಿ 1, 0, 1 ಎಂಬ ಅಂಕಗಳಿವೆಯೆನ್ನಿ. ಸಾಲಿನಲ್ಲಿ ಒಟ್ಟು ಒಂದುಗಳ ಸಂಖ್ಯೆ ಸಮವಾಗುವಂತೆ ನಾಲ್ಕನೆಯ ಡಿಸ್ಕಿನಲ್ಲಿ ಒಂದು ಅಂಕವನ್ನು ಬರೆಯುತ್ತೇವೆ. ಇಲ್ಲಿ ಅದು 0. ಇದೇ ಪ್ಯಾರಿಟಿ. ನಾಲ್ವರಲ್ಲಿ ಯಾರೊಬ್ಬರು ಕಾಣೆಯಾದರೂ ಉಳಿದ ಮೂವರನ್ನು ಎಣಿಸಿ ಕಾಣೆಯಾದ ಅಂಕವನ್ನು ಹೇಳಬಹುದು. ಪ್ಯಾರಿಟಿಯ ಭಾರವೆಲ್ಲ ಒಂದೇ ಡಿಸ್ಕಿನ ಮೇಲೆ ಬೀಳದಿರಲೆಂದು ರೇಯ್ಡ್-5ರಲ್ಲಿ ಅದನ್ನು ಸರದಿಯಂತೆ ಎಲ್ಲ ಡಿಸ್ಕುಗಳಿಗೂ ಹಂಚಲಾಗುತ್ತದೆ.

ಈ ಭದ್ರತೆಗೆ ಬೆಲೆಯುಂಟು. ಮೊದಲನೆಯ ಅಂಕವನ್ನು ಮಾತ್ರ ಬದಲಾಯಿಸಬೇಕಾದರೆ ಹಳೆಯ ಅಂಕವನ್ನು ಓದಬೇಕು, ಹಳೆಯ ಪ್ಯಾರಿಟಿಯನ್ನು ಓದಬೇಕು, ಬಳಿಕ ಎರಡನ್ನೂ ಹೊಸದಾಗಿ ಬರೆಯಬೇಕು. ಒಂದು ಬರೆವಣಿಗೆಗೆ ನಾಲ್ಕು ಕೆಲಸ! ಅದೂ ಅಲ್ಲದೆ, ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿನಲ್ಲಿ ಈಗತಾನೇ ಓದಿದ ಜಾಗಕ್ಕೆ ಮತ್ತೆ ಬರೆಯಬೇಕಾದರೆ ಅದು ಒಂದು ಸುತ್ತು ಬಂದು ತಲುಪುವವರೆಗೆ, ಎಂದರೆ ಸುಮಾರು 8.3 ಮಿಲಿಸೆಕೆಂಡು, ಕಾಯಬೇಕು. ಆದರೆ ಮೂರೂ ಅಂಕಗಳನ್ನು ಒಟ್ಟಿಗೆ ಬರೆಯುವುದಾದರೆ ಹಳೆಯದೇನನ್ನೂ ಓದಬೇಕಾಗಿಲ್ಲ. ಹೊಸ ಮೂರರಿಂದಲೇ ಪ್ಯಾರಿಟಿಯನ್ನು ಎಣಿಸಿ ನಾಲ್ಕನ್ನೂ ಬರೆದುಬಿಡಬಹುದು. ಹೊಂದಾಣಿಕೆಯ ಗುಟ್ಟೆಲ್ಲ ಇಲ್ಲಿಯೇ ಇದೆ: ಕಡತ ವ್ಯವಸ್ಥೆಯು ಆದಷ್ಟೂ ಇಡೀ ಪಟ್ಟೆಗಳನ್ನೇ ಬರೆಯುವಂತೆ ಮಾಡಬೇಕು.

ಪಟ್ಟೆಯೆಂದರೇನು? ಎಂ.ಡಿ. ಒಂದು ಡಿಸ್ಕಿನಲ್ಲಿ ಇಷ್ಟು ಬರೆದು ಮುಂದಿನ ಡಿಸ್ಕಿಗೆ ಹೋಗುತ್ತದೆ. ಆ ತುಂಡಿಗೆ 'ಚಂಕ್' ಎಂದು ಹೆಸರು. ನಾವಾಗಿ ಬೇರೆ ಹೇಳದಿದ್ದರೆ ಅದು 512 ಕಿಲೋಬೈಟು. ಕಡತ ವ್ಯವಸ್ಥೆಯಾದರೋ 4 ಕಿಲೋಬೈಟಿನ ಬ್ಲಾಕುಗಳಲ್ಲಿ ಎಣಿಸುತ್ತದೆ. 512ನ್ನು 4ರಿಂದ ಭಾಗಿಸಿದರೆ 128. ಇದು 'ಸ್ಟ್ರೈಡ್', ಎಂದರೆ ಹೆಜ್ಜೆ. ಹೆಜ್ಜೆಯನ್ನು ಮಾಹಿತಿ ಹೊರುವ ಡಿಸ್ಕುಗಳ ಸಂಖ್ಯೆಯಿಂದ ಗುಣಿಸಿದರೆ ಪಟ್ಟೆಯ ಅಗಲ: 128 × 3 = 384 ಬ್ಲಾಕು, ಅಥವಾ 1536 ಕಿಲೋಬೈಟು.

ನಾಲ್ಕು ಡಿಸ್ಕುಗಳಿದ್ದರೂ 3ರಿಂದ ಏಕೆ ಗುಣಿಸಬೇಕು? ಪ್ರತಿ ಪಟ್ಟೆಯಲ್ಲಿಯೂ ಒಂದು ಚಂಕ್ ಪ್ಯಾರಿಟಿಗೆ ಮೀಸಲು. ಮೊದಲ ಸಲ ನಾವು ಇದನ್ನು ಮರೆತು 512 ಎಂದು ಬರೆದುಬಿಟ್ಟೆವು. ಆಗ ಕಡತ ವ್ಯವಸ್ಥೆಯು 2048 ಕಿಲೋಬೈಟಿಗೊಂದು ಗಡಿಯಿದೆಯೆಂದು ನಂಬಿತು; ನಿಜವಾದ ಗಡಿಗಳು 1536ಕ್ಕೊಂದರಂತೆ ಇದ್ದವು. ಈ ಎರಡು ಲೆಕ್ಕಗಳು 6144ರಲ್ಲಿ ಮಾತ್ರ ಕೂಡುತ್ತವೆ. ಆದುದರಿಂದ ಅದು ಗಡಿಯೆಂದು ತಿಳಿದ ಮೂರು ಸ್ಥಳಗಳಲ್ಲಿ ಎರಡು ಪಟ್ಟೆಯ ನಡುವೆಯೇ ಬೀಳುತ್ತಿದ್ದವು. ಯಂತ್ರವು ದೂರು ಹೇಳಲಿಲ್ಲ, ಸುಮ್ಮನೆ ನಿಧಾನವಾಯಿತು. ಇಂಥ ತಪ್ಪುಗಳ ಕಷ್ಟವೇ ಅದು.

ಹೊಸದಾಗಿ ಕಡತ ವ್ಯವಸ್ಥೆಯನ್ನು ರಚಿಸುವಾಗ ಈಗಿನ ಸಾಧನವು ಎಂ.ಡಿ.ಯನ್ನು ಕೇಳಿ ಈ ಅಂಕಗಳನ್ನು ತಾನೇ ತುಂಬಿಕೊಳ್ಳುತ್ತದೆ. ಹಾಗೆಂದು ನಿಶ್ಚಿಂತರಾಗಿರಲಾಗದು. ನಾಲ್ಕು ಡಿಸ್ಕಿನ ಕೂಟಕ್ಕೆ ಮುಂದೊಂದು ದಿನ ಐದನೆಯದನ್ನು ಸೇರಿಸಿದರೆ ಪಟ್ಟೆಯ ಅಗಲ ನಿಜವಾಗಿಯೂ 512 ಬ್ಲಾಕಾಗುತ್ತದೆ, ಆದರೆ ಕಡತ ವ್ಯವಸ್ಥೆಯ ನೆನಪಿನಲ್ಲಿ 384 ಹಾಗೆಯೇ ಉಳಿದಿರುತ್ತದೆ. 'ಟ್ಯೂನ್-ಟು-ಎಫ್.ಎಸ್.' ಎಂಬ ಸಾಧನದಿಂದ ಅದನ್ನು ತಿದ್ದಬಹುದು. ತಿದ್ದುಪಡಿ ಮುಂದಿನ ಬರೆವಣಿಗೆಗೆ ಅನ್ವಯಿಸುವುದೇ ಹೊರತು ಹಿಂದೆ ಬರೆದ ಕಡತಗಳು ಕದಲುವುದಿಲ್ಲ.

ಸ್ಟ್ರೈಡಿಗೆ ಇನ್ನೊಂದು ಉಪಯೋಗವಿದೆ. ಇದರ ಗಣಿತ ಸೊಗಸಾಗಿದೆ. ಕಡತ ವ್ಯವಸ್ಥೆಯು ಬ್ಲಾಕುಗಳನ್ನು 32768ರ ಗುಂಪುಗಳಾಗಿ ವಿಂಗಡಿಸಿ, ಪ್ರತಿ ಗುಂಪಿನಲ್ಲೂ ಯಾವುದು ಖಾಲಿ, ಯಾವುದು ತುಂಬಿದೆ ಎಂಬ ಪಟವೊಂದನ್ನು ಇಡುತ್ತದೆ. ಗುಂಪಿಗೆ 32768 ÷ 128 = 256 ಚಂಕುಗಳಾದುವು. ಎಂ.ಡಿ.ಯ ರೂಢಿಯ ಜೋಡಣೆಯಲ್ಲಿ ಮಾಹಿತಿಯ ಚಂಕುಗಳು ನಾಲ್ಕು ಡಿಸ್ಕುಗಳಲ್ಲಿ ಕ್ರಮವಾಗಿ ಸುತ್ತುತ್ತವೆ, ಮತ್ತು 256 ಎಂಬುದು 4ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಪರಿಣಾಮವಾಗಿ ಎಲ್ಲ ಗುಂಪುಗಳ ಪಟಗಳೂ ಒಂದೇ ಡಿಸ್ಕಿನ ಮೇಲೆ ಕೂಡಿಬೀಳುತ್ತವೆ! ಹೆಜ್ಜೆ ಗೊತ್ತಿದ್ದರೆ ರಚನೆಯ ವೇಳೆಯಲ್ಲೇ ಅವನ್ನು ಚದುರಿಸಿಡಬಹುದು. ಈಚಿನ ವ್ಯವಸ್ಥೆಗಳು ಹಲವು ಗುಂಪುಗಳ ಪಟಗಳನ್ನು ಒಂದೆಡೆ ಸೇರಿಸಿಡುವುದರಿಂದ ಈ ತೊಡಕು ಮೊದಲಿನಷ್ಟಿಲ್ಲ.

ಚಂಕಿನ ಗಾತ್ರದ ವಿಷಯದಲ್ಲಿ ಎಲ್ಲರಿಗೂ ಒಪ್ಪುವ ಉತ್ತರವಿಲ್ಲ. 64 ಕಿಲೋಬೈಟನ್ನು ಆರಿಸಿದರೆ ಪಟ್ಟೆಯು 192ಕ್ಕೇ ತುಂಬುತ್ತದೆ. ದೊಡ್ಡ ಚಂಕಿನಲ್ಲಿ ಸಣ್ಣ ಓದುಗಳು ಒಂದೇ ಡಿಸ್ಕಿನಲ್ಲಿ ಮುಗಿದು ಉಳಿದ ಮೂರು ಬೇರೆ ಕೆಲಸಕ್ಕೆ ಬಿಡುವಾಗುತ್ತವೆ. ಎಂ.ಡಿ. ಬರೆವಣಿಗೆಗಳನ್ನು ಕೂಡಿಸಿಕೊಳ್ಳುವ ಪಟ್ಟೆ-ಸಂಚಿಯನ್ನು ಹಿಗ್ಗಿಸುವುದೂ ಲಾಭಕರ. ರೂಢಿಯಂತೆ ಅದರಲ್ಲಿ 256 ಸ್ಥಾನಗಳು; ನಾಲ್ಕು ಡಿಸ್ಕುಗಳಿಗೆ 4 ಮೆಗಾಬೈಟು ಸ್ಮೃತಿ ಸಾಕು. 4096ಕ್ಕೆ ಏರಿಸಿದರೆ 64 ಮೆಗಾಬೈಟು ಬೇಕು.

ವೇಗದ ಆಸೆಯಿಂದ ಕೆಲವರು ಮುಟ್ಟಬಾರದ ಒಂದು ಗುಂಡಿಯನ್ನು ಮುಟ್ಟುವುದುಂಟು, ಅದು 'ಬ್ಯಾರಿಯರ್'. ಡಿಸ್ಕು ತನ್ನೊಳಗಿನ ಸ್ಮೃತಿಯಲ್ಲಿ ಹಿಡಿದಿಟ್ಟುಕೊಂಡದ್ದನ್ನು ಸರಿಯಾದ ಕ್ರಮದಲ್ಲಿ ತಟ್ಟೆಯ ಮೇಲೆ ಇಳಿಸುವಂತೆ ಕಡತ ವ್ಯವಸ್ಥೆಯು ಕೊಡುವ ಆಜ್ಞೆ ಇದು. ಇದನ್ನು ನಿಲ್ಲಿಸಿದರೆ ಬರೆವಣಿಗೆ ಚುರುಕಾದೀತು. ಆದರೆ ನಮ್ಮ ಊರುಗಳಲ್ಲಿ ಮಳೆಗಾಲದ ಸಂಜೆ ವಿದ್ಯುತ್ತು ಹೇಳದೆ ಕೇಳದೆ ಹೋಗುವುದು ವಾಚಕರಿಗೆ ತಿಳಿದೇ ಇದೆ. ಆಗ ಕಡತ ವ್ಯವಸ್ಥೆಯ ದಿನಚರಿಯೇ ಅಸ್ತವ್ಯಸ್ತವಾಗುವ ಸಂಭವವಿದೆ.

ಬ್ಯಾರಿಯರನ್ನು ಉಳಿಸಿಕೊಂಡರೂ ರೇಯ್ಡ್-5ಕ್ಕೆ ಸಹಜವಾದ ಅಪಾಯವೊಂದು ಉಳಿದೇ ಇರುತ್ತದೆ. ಹಿಂದಿನ 1, 0, 1ರ ಉದಾಹರಣೆಗೇ ಬರೋಣ. ಮೊದಲ ಅಂಕವನ್ನು 0 ಮಾಡಿದೆವು. ಪ್ಯಾರಿಟಿಯನ್ನು 1ಕ್ಕೆ ಬದಲಾಯಿಸುವ ಮೊದಲೇ ವಿದ್ಯುತ್ತು ಹೋಯಿತು. ಡಿಸ್ಕುಗಳಲ್ಲಿರುವುದು 0, 0, 1, ಪ್ಯಾರಿಟಿ 0. ಈ ಸ್ಥಿತಿಯಲ್ಲಿ ಎರಡನೆಯ ಡಿಸ್ಕು ಕೆಟ್ಟರೆ ಲೆಕ್ಕವು ಅದರ ಅಂಕ 1 ಎನ್ನುತ್ತದೆ. ಅದು ಇದ್ದುದು 0! ನಾವು ಮುಟ್ಟಿಯೇ ಇರದ, ಎಂದೋ ಬರೆದಿಟ್ಟ ಕಡತವೊಂದು ಹೀಗೆ ಹಾಳಾಗುವುದು. ಕಡತ ವ್ಯವಸ್ಥೆಯ ದಿನಚರಿಗೆ ಇದರ ಸುಳಿವೂ ಇರುವುದಿಲ್ಲ. ವಿದ್ಯುತ್ತು ಮರಳಿದೊಡನೆ ಎಂ.ಡಿ. ಪ್ಯಾರಿಟಿಯನ್ನು ಮತ್ತೆ ಎಣಿಸಿ ಸರಿಪಡಿಸುತ್ತದೆ. ಆದುದರಿಂದ ಆ ಕೆಲಸ ಮುಗಿಯುವ ಮುನ್ನವೇ ಡಿಸ್ಕು ಕೆಟ್ಟರೆ ಮಾತ್ರ ಈ ಕೇಡು. ಬದಲಾಗುತ್ತಿದ್ದ ಭಾಗಗಳನ್ನು ಗುರುತಿಟ್ಟುಕೊಳ್ಳುವ ಪಟವನ್ನು ಕೂಟಕ್ಕೆ ಸೇರಿಸಿದರೆ ಇಡೀ ಡಿಸ್ಕನ್ನು ಎಣಿಸಬೇಕಾಗದೆ ಆ ಅವಧಿ ಬಹಳ ಕುಗ್ಗುತ್ತದೆ. ಪೂರ್ಣವಾಗಿ ಮುಚ್ಚಬೇಕೆನ್ನುವವರಿಗೆ 2016ರಲ್ಲಿ ಬಂದ ಲಿನಕ್ಸ್ 4.4ರಿಂದ ಪ್ರತ್ಯೇಕ ದಿನಚರಿ-ಡಿಸ್ಕಿನ ಅನುಕೂಲವಿದೆ. ಪ್ರತಿ ಬರೆವಣಿಗೆಯೂ ಮೊದಲು ಅಲ್ಲಿ ದಾಖಲಾಗಿ ಬಳಿಕ ಕೂಟಕ್ಕೆ ಇಳಿಯುತ್ತದೆ.